ಗುಬ್ಬಿ ಮೇಲಿಂದ ಕುಣಿಗಲ್ಲಿಗೆ

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವವರು ಯಾರೂ ಗುಬ್ಬಿಯ ಮೇಲೆ ಹೋಗುವುದಿಲ್ಲ. ಗುಬ್ಬಿ ಒಂದು ದಿಕ್ಕು, ಕುಣಿಗಲ್ ಇನ್ನೊಂದು ದಿಕ್ಕು. ಹಾಗೆ ಹೊರಟವರನ್ನು ಕಂಡಕ್ಟರನೇ ಕೈಹಿಡಿದು ಇಳಿಸಿ ಸರಿಯಾದ ಬಸ್ಸಿಗೆ ಹತ್ತಿಸಿಯಾನು. ಆದರೆ ತುಮಕೂರಿನ ಬಟವಾಡಿಯ ಈ ರಕ್ತಪರೀಕ್ಷೆಯ ಲ್ಯಾಬಿಗೂ ಅದರ ಕುಣಿಗಲ್ ಬ್ರಾಂಚಿಗೂ ನಡುವೆ ಒಂಬತ್ತು ವರ್ಷದಿಂದ ಇದ್ದ ದಾರಿ ಅದೊಂದೇ. ಲೈನ್ ಎಳೆದವರಿಗೆ ಆ ಕಾಲದಲ್ಲಿ ಗುಬ್ಬಿಯ ಟವರ್ ಅನುಕೂಲವಾಗಿತ್ತು, ಎಳೆದರು, ಹೋದರು. ಕುಣಿಗಲ್ಲಿನ ಸಕ್ಕರೆ ಕಾಯಿಲೆಯವರ ರಿಪೋರ್ಟು ಮೊದಲು ಗುಬ್ಬಿ ಬ್ರಾಂಚಿಗೆ ಹೋಗಿ, ಅಲ್ಲಿನ ರೌಟರ್ ಪೆಟ್ಟಿಗೆಯಲ್ಲಿ ದಾರಿ ಕೇಳಿಕೊಂಡು, ಆಮೇಲೆ ಬಟವಾಡಿಗೆ ಬರುತ್ತಿತ್ತು. ಹಿಂದೆ ಗ್ಲೂಕೋಸ್ ಬಾಟಲಿ ತುಂಬಿಡುತ್ತಿದ್ದ ಕೋಣೆಯಲ್ಲಿ, ಏಸಿಯ ತಣ್ಣನೆ ಗಾಳಿಗೆ ಸೆರಗನ್ನು ಕಿವಿಯವರೆಗೂ ಎಳೆದುಕೊಂಡು ಕೂತ, ಲ್ಯಾಬಿನ ನೆಟ್‌ವರ್ಕ್ ನೋಡಿಕೊಳ್ಳುವ ಸಿದ್ದಗಂಗಮ್ಮನ ಮನಸ್ಸೂ ಅದೇ ಸುತ್ತುದಾರಿಯಲ್ಲಿ ಓಡಾಡುತ್ತಿತ್ತು. ಅದು ಅವಳಿಗೆ ಮಾತ್ರ ಗೊತ್ತಿತ್ತು. ಅವಳಿಗೂ ಪೂರ್ತಿ ಗೊತ್ತಿತ್ತೆಂದು ಹೇಳಲಾಗದು.

ಹೋದ ತಿಂಗಳು ಕುಣಿಗಲ್ಲಿಗೆ ನೇರ ಫೈಬರ್ ಲೈನ್ ಬಂತು. ಬಂದ ಮೇಲೆ ಪ್ರಶ್ನೆಯೂ ಬಂತು. ಮೂರು ಊರಿನ ಮೂರು ರೌಟರುಗಳು ಇನ್ನು ಮುಂದೆ ಯಾವ ನಿಯಮದ ಮೇಲೆ ದಾರಿ ಆರಿಸಿಕೊಳ್ಳಬೇಕು? ಈಗಿರುವ ಹಳೆಯ ಆರ್‌ಐಪಿಯೇ ಸಾಕೋ, ಓಎಸ್‌ಪಿಎಫ್‌ಗೆ ಬದಲಾಯಿಸಬೇಕೋ? ಎರಡನ್ನೂ ಹೋಲಿಸಿ ಬರೆದುಕೊಡಿ ಎಂದು ಮ್ಯಾನೇಜರ್ ಹನುಮಂತರಾಜು ಸೋಮವಾರ ಹೇಳಿದ್ದರು, ಯಾವುದು ಒಳ್ಳೆಯದು ಅಂತ ಒಂದೇ ಸಾಲಿನಲ್ಲಿದ್ದರೆ ಚೆಂದ ಎಂದೂ ಸೇರಿಸಿದ್ದರು. ಇವತ್ತು ಗುರುವಾರ. ಒಂದು ಸಾಲು ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದೆಲ್ಲ ಮ್ಯಾನೇಜರಿಗೆ ತೋರಿಸುವಂಥದ್ದಲ್ಲ. ಆರ್‌ಐಪಿ ಎನ್ನುವುದು ಪಕ್ಕದ ಮನೆಯವರ ಮಾತನ್ನು ನಂಬಿ ಬದುಕುತ್ತದೆ ಎಂದು ಬರೆದಿದ್ದಳು. ತಾನಾಗಿ ಏನನ್ನೂ ನೋಡುವುದಿಲ್ಲ. ಮೂವತ್ತು ಸೆಕೆಂಡಿಗೊಮ್ಮೆ ಪಕ್ಕದವನು, ಆ ಊರು ನನಗೆ ಇಷ್ಟು ಮನೆ ದೂರ ಎನ್ನುತ್ತಾನೆ. ಇದು ಅದಕ್ಕೊಂದು ಕೂಡಿಸಿ, ಹಾಗಾದರೆ ನನಗೆ ಇಷ್ಟು ದೂರ ಎಂದುಕೊಳ್ಳುತ್ತದೆ. ಮೈಲಿ ಅದಕ್ಕೆ ಗೊತ್ತಿಲ್ಲ, ದಾರಿಯ ಅಗಲ ಗೊತ್ತಿಲ್ಲ, ನಡುವೆ ಎಷ್ಟು ಮನೆ ಎಂಬುದಷ್ಟೇ ಗೊತ್ತು. ಓಎಸ್‌ಪಿಎಫ್ ಹಾಗಲ್ಲ. ಅದು ಪ್ರತಿಯೊಬ್ಬನಿಂದಲೂ ಅವನ ಬಾಗಿಲ ಮುಂದಿನ ಸಂಗತಿಯನ್ನಷ್ಟೇ ಕೇಳಿ, ಇಡೀ ನಕ್ಷೆಯನ್ನು ತಾನೇ ಕೂಡಿಸಿಟ್ಟುಕೊಳ್ಳುತ್ತದೆ. ಪಕ್ಕದವನಿಗೆ ಹತ್ತು ಸೆಕೆಂಡಿಗೊಮ್ಮೆ ಹಲೋ ಎನ್ನುತ್ತದೆ. ನಲವತ್ತು ಸೆಕೆಂಡಾದರೂ ಆ ಕಡೆಯಿಂದ ಸದ್ದಿಲ್ಲದಿದ್ದರೆ ಅವನು ಸತ್ತನೆಂದು ಬರೆದುಕೊಂಡು, ತಡಮಾಡದೆ ಎಲ್ಲರಿಗೂ ಹೇಳಿಬಿಡುತ್ತದೆ. ಇಲ್ಲಿಗೆ ಬಂದಾಗ ಅವಳ ಬೆರಳು ನಿಂತಿತ್ತು. ನಲವತ್ತು ಸೆಕೆಂಡು. ಸೋಮಶೇಖರರ ದನಿ ಕೇಳಿ ಐದು ತಿಂಗಳಾಗಿತ್ತು.

ಸೋಮಶೇಖರ್ ಕುಣಿಗಲ್ ಬ್ರಾಂಚಿನ ಇನ್‌ಚಾರ್ಜ್. ಐವತ್ತು ದಾಟಿದವರು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಗಳೊಬ್ಬಳು ಟೀಚರ್. ಒಂಬತ್ತು ವರ್ಷದಲ್ಲಿ ಸಿದ್ದಗಂಗಮ್ಮ ಅವರನ್ನು ಕಣ್ಣಾರೆ ಕಂಡಿದ್ದು ಎರಡು ಸಲ, ಆದರೆ ದನಿ ಕೇಳದ ವಾರವಿರಲಿಲ್ಲ. ಕುಣಿಗಲ್ಲಿನ ರೌಟರ್ ಮಾತು ನಿಲ್ಲಿಸಿದಾಗಲೆಲ್ಲ ಅವಳು ಫೋನ್ ಮಾಡುವಳು. ಅವರು ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಮುಂದೆ ಕೂರುವ ಸದ್ದು ಕೇಳುವುದು. ಏನ್ ಕಾಣ್ತಿದೆ ಸಾರ್, ಎಂದು ಅವಳು ಕೇಳುವಳು. ಅವಳಿಗೆ ಕಾಣದ್ದನ್ನು ಅವರು ನೋಡಿ ಹೇಳುವರು. ಮೊದಲನೇದು ಹಸಿರು, ನಿಂತೈತೆ. ಎರಡನೇದು ಹಸಿರು, ಮಿಣುಕ್ತೈತೆ. ಮೂರನೇದು ಕೆಂಪಗವ್ನೆ ಸಿದ್ದಗಂಗಮ್ಮನವರೇ, ಏನೋ ಕೋಪ. ಲ್ಯಾಬಿನಲ್ಲಿ ಎಲ್ಲರಿಗೂ ಅವಳು ಗಂಗಾ ಮೇಡಂ. ಹಳೆಯ ಕಾಲದ ಹೆಸರು ಎಂದು ನಾಚಿ ಅವಳೇ ಕತ್ತರಿಸಿಕೊಂಡಿದ್ದಳು. ಗೂಳೂರಿನಲ್ಲಿ ಅಜ್ಜಿ ಇಟ್ಟ ಆ ಉದ್ದನೆಯ ಹೆಸರನ್ನು ಪೂರ್ತಿಯಾಗಿ, ಒಂದು ಅಕ್ಷರವನ್ನೂ ನುಂಗದೆ ಕರೆಯುತ್ತಿದ್ದವರು ಅವರೊಬ್ಬರೇ. ಅವರ ಬಾಯಲ್ಲಿ ಕೇಳಿದಾಗ ಅದು ತನ್ನದೇ ಹೆಸರು, ಒಳ್ಳೆಯ ಹೆಸರು ಅನಿಸುತ್ತಿತ್ತು. ಒಂದು ವರ್ಷ ಆಯುಧಪೂಜೆಗೆ ಅವರು ರೌಟರಿಗೆ ವಿಭೂತಿ ಹಚ್ಚಿ, ಮೇಲೊಂದು ಭಾರೀ ಸೇವಂತಿಗೆ ಹಾರ ಹಾಕಿದ್ದರು. ಗಾಳಿಯಾಡುವ ಕಿಂಡಿಗಳೆಲ್ಲ ಮುಚ್ಚಿಹೋಗಿ ಪೆಟ್ಟಿಗೆ ಕಾದು, ಹಬ್ಬದ ಮರುದಿನ ಇಡೀ ಕುಣಿಗಲ್ ನಾಪತ್ತೆಯಾಗಿತ್ತು. ಅವಳು ಬೈದಿದ್ದಳು. ಮುಂದಿನ ವರ್ಷ ಫೋನಿನಲ್ಲಿ ತಗ್ಗಿದ ದನಿ ಬಂತು, ಒಂದೇ ಒಂದು ಹೂವು, ಪಕ್ಕದಲ್ಲಿ ಇಟ್ಟಿದೀನಿ, ನಡೀತದಾ? ನಡೆಯುತ್ತದೆ ಎಂದು ಹೇಳಿ ಫೋನಿಟ್ಟು ಅವಳು ಈ ಕೋಣೆಯಲ್ಲಿ ಒಬ್ಬಳೇ ಬಹಳ ಹೊತ್ತು ನಕ್ಕಿದ್ದಳು. ನಲವತ್ತು ದಾಟಿದ ಹೆಂಗಸು ಹಾಗೆ ನಗುವುದನ್ನು ಯಾರಾದರೂ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ.

ನಗುವಷ್ಟೇ ನೆನಪಿಗೆ ಬಂದರೆ ಎಷ್ಟು ಚೆನ್ನಾಗಿತ್ತು. ಅದರ ಬಾಲ ಹಿಡಿದು ಆ ಇನ್ನೊಂದು ಮಾತೂ ಬರುತ್ತಿತ್ತು. ಐದು ತಿಂಗಳ ಹಿಂದೆ ಒಂದು ಬುಧವಾರ, ದೀಪಗಳ ಲೆಕ್ಕ ಒಪ್ಪಿಸಿದ ಮೇಲೆ ಸೋಮಶೇಖರ್ ಫೋನ್ ಇಡಲಿಲ್ಲ. ಸ್ವಲ್ಪ ಕೆಮ್ಮಿದರು. ಮುಂದಿನ ಸಲ ಲೈನ್ ಟೆಸ್ಟಿಗೆ ನೀವೇ ಒಂದ್ಸಲ ಬನ್ನಿ, ದೀಪ ನೀವೇ ನೋಡೀರಂತೆ, ನಮ್ಮ ಮನೆ ಮಾಳಿಗೆ ಹತ್ತಿದ್ರೆ ಬೆಳಿಗ್ಗೆ ಫಾರಂ ಕುದುರೆ ಓಡೋದು ಕಾಣ್ತದೆ, ಎಂದರು. ಅಷ್ಟೇ ಹೇಳಿದ್ದು. ಆದರೆ ಆಗಲೇ ಕೋಣೆಯ ಬಾಗಿಲಲ್ಲಿ ಹನುಮಂತರಾಜು ನಿಂತಿದ್ದರು, ಅವರ ಹಿಂದೆ ರಿಸೆಪ್ಷನ್ನಿನ ಇಬ್ಬರು ಹುಡುಗಿಯರು. ಏನಮ್ಮ, ಕುಣಿಗಲ್ ಲೈನು ಇವತ್ತು ಉದ್ದ ಆಯ್ತು ಎಂದು ಅವರು ನಕ್ಕರು. ಹುಡುಗಿಯರೂ ನಕ್ಕರು. ಸಿದ್ದಗಂಗಮ್ಮನಿಗೆ ಕೆನ್ನೆ ಸುಟ್ಟಿತು, ಮತ್ತು ಅವಳು ಆ ಬಾಗಿಲಿಗೆ ಕೇಳಿಸಬೇಕೆಂದೇ ಗಟ್ಟಿಯಾಗಿ ಫೋನಿಗೆ ಹೇಳಿದಳು: “ನಾನ್ಯಾಕ್ರೀ ಅಲ್ಲಿಗೆ ಬರ್ಬೇಕು? ದೀಪ ನೋಡಕ್ಕೆ ನಿಮ್ಮನ್ನ ಇಟ್ಟಿಲ್ವಾ?”

ಆ ಕಡೆ ಕುರ್ಚಿ ಹಿಂದೆ ಸರಿದ ಸದ್ದಾಯಿತು. ಆಮೇಲೆ, ಸರಿ ಮೇಡಂ, ಎಂದರು. ಮೊದಲ ಸಲ ಮೇಡಂ ಎಂದಿದ್ದರು. ಎರಡು ದಿನ ಬಿಟ್ಟು ಅವರ ರಜಾಚೀಟಿ ಬಂತು, ಮೈಗೆ ಹುಷಾರಿಲ್ಲ, ಒಂದು ತಿಂಗಳು ಎಂದು. ಸಹಿ ಮಾತ್ರ ಬೇರೆ ಯಾರದೋ ಕೈಬರಹದಲ್ಲಿತ್ತು. ಅವಳು ಅದನ್ನು ಕಂಡಳು, ಕಂಡದ್ದನ್ನು ಮನಸ್ಸಿನಲ್ಲಿ ಯಾವುದೋ ಮೂಲೆಗೆ ಒತ್ತರಿಸಿಟ್ಟಳು. ಕೋಪ ಮಾಡಿಕೊಂಡಿದ್ದಾರೆ ಎಂದು ಭಾವಿಸಿಕೊಳ್ಳುವುದರಲ್ಲಿ ಒಂದು ಸುಖವಿತ್ತು. ಕೋಪ ಮಾಡಿಕೊಳ್ಳುವಷ್ಟು ತಾನು ಅವರಿಗೆ ಏನೋ ಆಗಿದ್ದೇನೆ ಎಂಬ ಸುಖ ಅದು. ನೇರ ಫೋನ್ ಮಾಡಬಹುದಿತ್ತು, ನಂಬರ್ ಬಾಯಿಪಾಠವಾಗಿತ್ತು. ಆದರೆ ರೌಟರ್ ಕೆಟ್ಟಿಲ್ಲದಾಗ ಏನೆಂದು ಮಾಡುವುದು? ಒಂಬತ್ತು ವರ್ಷದಲ್ಲಿ ದೀಪದ ನೆಪವಿಲ್ಲದೆ ಅವರಿಬ್ಬರೂ ಒಂದು ಮಾತೂ ಆಡಿರಲಿಲ್ಲ. ಅವರ ಬದಲು ಕುಣಿಗಲ್ಲಿಗೆ ಬಂದು ಈಗ ದೀಪ ನೋಡಿ ಹೇಳುವ ಹೊಸ ಹುಡುಗಿಯನ್ನು ಕೇಳಬಹುದಿತ್ತು, ಆದರೆ ಕೇಳುವಾಗ ದನಿ ನಡುಗಿದರೆ? ಹಾಗಾಗಿ ಅವಳು ಗುಬ್ಬಿಯ ಚನ್ನೇಶನನ್ನು ಕೇಳಿದಳು. ಗುಬ್ಬಿ ಬ್ರಾಂಚ್ ನೋಡಿಕೊಳ್ಳುವ ಚನ್ನೇಶ ಎಲ್ಲರ ಸುದ್ದಿಯನ್ನೂ ಬಲ್ಲವನು, ಅಥವಾ ಬಲ್ಲವನಂತೆ ಮಾತಾಡುವವನು. ಸುತ್ತಿ ಬಳಸಿ ಅವಳು ಕೇಳಿದಾಗ ಅವನು ಧಾರಾಳವಾಗಿ, ಸೋಮಣ್ಣ ಚೆನ್ನಾಗವ್ರೆ ಬುಡಿ ಮೇಡಂ, ಇನ್ನೊಂದು ತಿಂಗ್ಳಂತೆ, ಎಂದಿದ್ದ. ಆ ಇನ್ನೊಂದು ತಿಂಗಳನ್ನು ಅವಳು ಮನೆಗೆ ಕೊಂಡೊಯ್ದಿದ್ದಳು. ಸದಾಶಿವನಗರದ ಬಾಡಿಗೆ ಮನೆಯಲ್ಲಿ ಒಬ್ಬಳೇ ಅನ್ನಕ್ಕಿಡುವಾಗ, ಬಟ್ಟೆ ಮಡಿಸುವಾಗ ಅದು ಜೊತೆಗಿತ್ತು. ಆ ತಿಂಗಳು ಮುಗಿದಾಗ ಮತ್ತೊಂದು ಬಂತು, ಅದು ಮುಗಿದಾಗ ಇನ್ನೊಂದು. ಕಾಯುವುದಕ್ಕೆ ಯಾರೋ ಅವಧಿ ಕೊಟ್ಟಿದ್ದಾರೆ ಎಂದರೆ ಕಾಯುವುದು ಅಷ್ಟೇನೂ ಕಷ್ಟವಲ್ಲ.

ಹತ್ತೂವರೆಗೆ ಟೆಸ್ಟ್ ಶುರು ಮಾಡಿದಳು. ಮೊದಲು ಹಳೆಯ ಆರ್‌ಐಪಿ, ಹೊಸ ಲೈನನ್ನು ಸೇರಿಸದೆ. ಅದರಲ್ಲೊಂದು ಕಾವಲು ಇರುತ್ತದೆ, ಯಾರಿಂದ ಕೇಳಿದ ಸುದ್ದಿಯನ್ನು ತಿರುಗಿ ಅವರಿಗೇ ಹೇಳಬಾರದು ಎಂದು. ಅದಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ರಿಪೋರ್ಟಿನಲ್ಲಿ ತೋರಿಸಬೇಕೆಂದು ಆ ಕಾವಲನ್ನು ತೆಗೆದಳು. ಚನ್ನೇಶನಿಗೆ ಫೋನ್ ಮಾಡಿ, ಸ್ಪೀಕರಿನಲ್ಲಿಟ್ಟು, ಗುಬ್ಬಿಯಲ್ಲಿ ಕುಣಿಗಲ್ ಕಡೆಯ ಕೇಬಲ್ ಕೀಳಲು ಹೇಳಿದಳು. ಕಿತ್ತೆ ಎಂದ. ಇನ್ನು ಕುಣಿಗಲ್ ಎಂಬುದು ಯಾರಿಗೂ ಸಿಗುವಂತಿರಲಿಲ್ಲ. ಆದರೆ ಬಟವಾಡಿಯ ರೌಟರಿಗೆ ಅದು ಗೊತ್ತಿರಲಿಲ್ಲ. ಕುಣಿಗಲ್ ಎರಡು ಮನೆ ದೂರ ಎಂದು ಅದು ಹಳೆಯ ಸುದ್ದಿಯನ್ನೇ ಹೇಳಿತು. ಆಗಷ್ಟೇ ದಾರಿ ಕಳೆದುಕೊಂಡಿದ್ದ ಗುಬ್ಬಿಯ ಪೆಟ್ಟಿಗೆ ಅದನ್ನು ಕೇಳಿ, ಓಹೋ, ಬಟವಾಡಿಗೆ ಬೇರೆ ದಾರಿ ಗೊತ್ತಿದೆ, ಹಾಗಾದರೆ ನನಗೆ ಮೂರು ಎಂದು ಬರೆದುಕೊಂಡಿತು. ಗುಬ್ಬಿಗೆ ಮೂರು ಎಂದ ಮೇಲೆ ಬಟವಾಡಿಗೆ ನಾಲ್ಕು. ಬಟವಾಡಿಗೆ ನಾಲ್ಕೆಂದರೆ ಗುಬ್ಬಿಗೆ ಐದು. ಪರದೆಯ ಮೇಲೆ ಅಂಕಿ ಏರುತ್ತಿತ್ತು. ಇಬ್ಬರಲ್ಲಿ ಒಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಇಬ್ಬರೂ ಕೇಳಿದ್ದನ್ನೇ ನಿಯತ್ತಾಗಿ, ಒಂದು ಕೂಡಿಸಿ ಹೇಳುತ್ತಿದ್ದರು. ಇದನ್ನು ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದಳು, ಡಿಪ್ಲೊಮಾ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದಳು. ಏಳು ಎಂಬ ಅಂಕಿ ಎಂಟಾಗುವುದನ್ನು ನೋಡುತ್ತಿದ್ದಂತೆ ಅವಳಿಗೆ ಆ ಇನ್ನೊಂದು ತಿಂಗಳು, ಮತ್ತೊಂದು ತಿಂಗಳು ನೆನಪಾಯಿತು. ಚನ್ನೇಶ ಲೈನಿನಲ್ಲೇ ಇದ್ದ, ಯಾರಿಗೋ ಸಕ್ಕರೆ ಕಮ್ಮಿ ಹಾಕು ಎನ್ನುತ್ತಿದ್ದ.

“ಚನ್ನೇಶ್, ಸೋಮಶೇಖರ್ ಸಾರ್ ಇನ್ನೊಂದು ತಿಂಗ್ಳಿಗೆ ಬರ್ತಾರೆ ಅಂತ ನಿಮಗೆ ಯಾರು ಹೇಳಿದ್ದು?”

“ನೀವೇ ಅಲ್ವಾ ಮೇಡಂ?”

ಅವನ ದನಿಯಲ್ಲಿ ಆಶ್ಚರ್ಯವಿತ್ತು, ಮೋಸವಿರಲಿಲ್ಲ. ಮೊದಲನೇ ಸಲ ನೀವೇ ಒಂದು ತಿಂಗಳು ಅಂದ್ರಿ, ಆಮೇಲೆ ನಾನು ಕೇಳಿದಾಗ್ಲೆಲ್ಲ ಇನ್ನೊಂದು ತಿಂಗ್ಳಂತೆ ಅಂದ್ರಿ, ಹೆಡ್ ಆಫೀಸ್‌ನೋರಿಗೆ ಗೊತ್ತಿಲ್ದೆ ಇರ್ತದಾ ಅಂತ ನಾನೂ ಅದ್ನೇ ಹೇಳ್ತಾ ಬಂದೆ, ಎಂದು ಅವನು ವಿವರಿಸಿದ. ಅವನೂ ಕುಣಿಗಲ್ಲಿಗೆ ಫೋನ್ ಮಾಡಿರಲಿಲ್ಲ. ಮಾಡಿದ್ರೆ ಏನಂದ್ಕೋತಾರೋ ಅಂತ ಎಂದ. ಅವಳು, ನನಗೆ ನೀವೇ ಹೇಳಿದ್ದು ಚನ್ನೇಶ್, ಎಂದಳು. ಪರದೆಯ ಮೇಲೆ ಹದಿನೈದು ಬಂದು ನಿಂತಿತ್ತು. ಆ ನಿಯಮ ಮಾಡಿದವರು ಹದಿನಾರನ್ನು ಕೊನೆ ಎಂದು ಇಟ್ಟಿದ್ದಾರೆ. ಹದಿನಾರು ಎಂದರೆ ದೂರ ಅಲ್ಲ, ಇಲ್ಲ ಎಂದರ್ಥ. ಹದಿನಾರು ಬಂತು, ಕುಣಿಗಲ್ ಸಾಲು ಅಳಿಸಿಹೋಯಿತು. ಮೂರು ನಿಮಿಷದ ಮೇಲೆ ಹಿಡಿದಿತ್ತು. ಅವಳು ಸಮಯವನ್ನು ಬರೆದುಕೊಂಡಳು, ಯಾಕೆಂದರೆ ಕೈಗೆ ಅಭ್ಯಾಸವಿತ್ತು.

ಹನುಮಂತರಾಜು ತಮ್ಮ ಕೋಣೆಯಲ್ಲಿ ಟಿಫಿನ್ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಸೋಮಶೇಖರರ ಸಂಗತಿ ಏನು ಎಂದು ಅವಳು ಬಾಗಿಲಲ್ಲೇ ನಿಂತು ಕೇಳಿದಳು, ಈ ಸಲ ಸುತ್ತಿ ಬಳಸಲಿಲ್ಲ. ಅವರು ಚಿತ್ರಾನ್ನದಲ್ಲಿ ಸಿಕ್ಕ ಕರಿಬೇವನ್ನು ಪಕ್ಕಕ್ಕಿಡುತ್ತ, ಲಕ್ವ ಹೊಡೀತಲ್ಲಮ್ಮ, ಎಂದರು. ಮಗಳು ಪತ್ರ ಕೊಟ್ಟು, ಕೆಲಸ ಬಿಡಿಸಿಕೊಂಡು ಹೋಗಿ ಮೂರು ತಿಂಗಳ ಮೇಲಾಯಿತು. ಲಕ್ವ ಯಾವಾಗ ಸಾರ್, ಎಂದು ಅವಳು ಕೇಳಿದಾಗ ಅವರು ತಲೆಯೆತ್ತಿದರು. “ನಿಮಗೆ ಗೊತ್ತಿಲ್ವಾ? ಎಲ್ಲರಿಗಿಂತ ಮೊದ್ಲು ನಿಮಗೇ ಗೊತ್ತಿರ್ತದೆ ಅಂದ್ಕೊಂಡಿದ್ದೆ.” ಈ ಸಲ ಅವರ ಮುಖದಲ್ಲಿ ನಗುವಿರಲಿಲ್ಲ. ಅದೇ ಹೆಚ್ಚು ಅವಮಾನವಾಗಿತ್ತು. ಇಡೀ ಲ್ಯಾಬು ಅವಳದೆಂದು ಒಪ್ಪಿಕೊಂಡಿದ್ದ ಒಂದು ಸಂಬಂಧವನ್ನು ತಾನೊಬ್ಬಳೇ ಒಪ್ಪದೆ ಹೊರಗಿಟ್ಟಿದ್ದಳು. ಅರ್ಧ ದಿನ ರಜೆ ಬೇಕೆಂದಳು. ರಿಪೋರ್ಟು? ಎಂದು ಅವರು ಕೇಳಿದರು. ಹಳೆಯದು ಬೇಡ ಸಾರ್, ಎಂದಳು. ಒಂದೇ ಸಾಲು ಆಗಿತ್ತು.

ಕುಣಿಗಲ್ ಬಸ್ಸು ನೇರ ರಸ್ತೆಯಲ್ಲಿ ಹೋಯಿತು. ಅದೇ ಅವಳಿಗೆ ವಿಚಿತ್ರವಾಗಿತ್ತು. ಇಷ್ಟು ಸಲೀಸಾದ ದಾರಿ ಇಷ್ಟು ವರ್ಷ ಇಲ್ಲೇ ಇತ್ತಲ್ಲ. ಗೂಳೂರಿನಲ್ಲಿ ನಿಂತಾಗ ಅವಳು ಅಭ್ಯಾಸಬಲದಿಂದ ತಲೆ ತಗ್ಗಿಸಿದಳು. ಅಣ್ಣನ ಮನೆಯವರು ಯಾರಾದರೂ ಹತ್ತಿದರೆ, ಎಲ್ಲಿಗೆ ಎಂದು ಕೇಳಿದರೆ? ಇದೇ ಊರಿನ ಜಗುಲಿಯ ಮೇಲೆ ಅವಳನ್ನು ನೋಡಲು ಬಂದವರು ಕೂತು ಉಪ್ಪಿಟ್ಟು ತಿಂದು, ತಿಳಿಸುತ್ತೇವೆ ಎಂದು ಹೋಗಿದ್ದರು. ಒಬ್ಬರಲ್ಲ, ಇಬ್ಬರಲ್ಲ. ಅವರ ಉತ್ತರವೂ ಯಾವಾಗಲೂ ಬೇರೊಬ್ಬರ ಬಾಯಿಂದ, ಸುತ್ತಿ ಬರುತ್ತಿತ್ತು. ಹುಡುಗಿಗೆ ವಯಸ್ಸಾಯಿತಂತೆ, ಹೆಸರು ಹಳೇದಂತೆ. ಅಂತೆ ಎಂಬ ಮಾತಿನ ಮೇಲೆ ಅವಳ ಅರ್ಧ ಆಯುಷ್ಯ ನಡೆದುಹೋಗಿತ್ತು. ಬಸ್ಸು ಹೊರಟಿತು, ಯಾರೂ ಹತ್ತಲಿಲ್ಲ. ತಲೆಯೆತ್ತಿದಳು. ಹೆಬ್ಬೂರು ಕಳೆಯಿತು, ತೆಂಗಿನ ತೋಟಗಳು ಹಿಂದೆ ಸರಿದವು. ಅವರು ಬದುಕಿದ್ದಾರೆ ಎನ್ನುವುದಷ್ಟೇ ಈಗ ಅವಳಿಗೆ ಗೊತ್ತಿತ್ತು, ಅದೂ ಮೂರು ತಿಂಗಳ ಹಿಂದಿನ ಸುದ್ದಿ. ಆ ಬುಧವಾರದ ಮಾತೇ ಕಾರಣವಾಗಿದ್ದರೆ? ಒಂದು ಮಾತಿಗೆ ಲಕ್ವ ಹೊಡೆಯುವುದಿಲ್ಲ, ಅಷ್ಟು ವೈದ್ಯಶಾಸ್ತ್ರ ಅವಳಿಗೂ ಗೊತ್ತು, ಇಪ್ಪತ್ತು ವರ್ಷ ಲ್ಯಾಬಿನಲ್ಲಿ ದುಡಿದವಳು. ಆದರೂ ಆ ಸರಿ ಮೇಡಂ ಎಂಬುದು ಅವರ ಕೊನೆಯ ಮಾತಾಗಿಬಿಟ್ಟರೆ ತಾನು ಹೇಗೆ ಬದುಕಬೇಕು ಎಂದು ಅವಳು ಕಿಟಕಿಯ ಸರಳನ್ನು ಹಿಡಿದುಕೊಂಡಳು. ಅವರ ಬಾಯಲ್ಲಿ ತನ್ನ ಹೆಸರನ್ನು ಇನ್ನೊಂದು ಸಲ ಕೇಳಬೇಕೆಂಬ ಆಸೆ ಬಾಯಾರಿಕೆಯ ಹಾಗಿತ್ತು.

ಕುದುರೆ ಫಾರಂ ಕಡೆಗೆ ಹೋಗುವ ರಸ್ತೆಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆಗೆದವಳು ಮಗಳು, ಕಾವ್ಯ. ಅಪ್ಪನ ಹಣೆಯೇ ಅವಳಿಗೂ. ಲ್ಯಾಬಿನಿಂದ ಎಂದು ಸಿದ್ದಗಂಗಮ್ಮ ಹೇಳಿದಳು, ಹೆಸರು ಹೇಳಲು ಬಾಯಿ ಬರಲಿಲ್ಲ. ಕಾವ್ಯ ಒಳಗೆ ತಿರುಗಿ, ಅಪ್ಪಾ, ಲ್ಯಾಬಿಂದ ಯಾರೋ ಬಂದವ್ರೆ, ಎಂದು ಕೂಗಿದಳು. ಆ ಯಾರೋ ಎಂಬುದನ್ನು ಸಿದ್ದಗಂಗಮ್ಮ ನುಂಗಿಕೊಂಡಳು, ನ್ಯಾಯವಾಗಿಯೇ ಇತ್ತು. ಚಪ್ಪಲಿ ಬಿಡುವಷ್ಟರಲ್ಲಿ ಕಾವ್ಯ ತಗ್ಗಿದ ದನಿಯಲ್ಲಿ ಹೇಳಿದಳು. ಬಲಗೈ, ಬಲಗಾಲು ಹೋಗಿದೆ. ಮಾತೂ ಹೋಗಿದೆ. ನಾವು ಹೇಳಿದ್ದು ತಿಳಿಯುತ್ತದೋ ಇಲ್ಲವೋ ಡಾಕ್ಟರಿಗೂ ಖಚಿತವಿಲ್ಲ. ಒಂದು ಸಲವೂ ಹ್ಞೂಂ ಅಂದಿಲ್ಲ. ಆಮೇಲೆ, ಬಹಳ ದಿನದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ದೂರಿನಂತೆ ಸೇರಿಸಿದಳು: “ಟೀವಿ ಹಾಕಿದ್ರೂ ನೋಡಲ್ಲ. ಆ ಇಂಟರ್ನೆಟ್ ಡಬ್ಬಾ ಐತಲ್ಲ, ಅದನ್ನೇ ನೋಡ್ತಾ ಕೂತಿರ್ತಾರೆ. ಇಡೀ ದಿನ. ಬುದ್ಧಿನೂ ಹೋಯ್ತೇನೋ ಅಂತ ಭಯ ಆಗ್ತದೆ.”

ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಇಷ್ಟು ಸಣ್ಣ ಆಳೆಂದು ಅವಳಿಗೆ ನೆನಪಿರಲಿಲ್ಲ. ದನಿ ದೊಡ್ಡದಿತ್ತು, ಅದನ್ನೇ ಅವಳು ಆಳೆಂದುಕೊಂಡಿದ್ದಳು. ಹಣೆಯ ಮೇಲೆ ಮಗಳು ಹಚ್ಚಿದ ವಿಭೂತಿ, ಬಾಯಿಯ ಒಂದು ಮೂಲೆ ಕೆಳಗಿಳಿದಿತ್ತು. ಕಣ್ಣು ಎದುರಿನ ಗೋಡೆಯ ಮೇಲೆ, ಅಲ್ಲಿ ಮೊಳೆಗೆ ತಗುಲಿಹಾಕಿದ ಪುಟ್ಟ ಬಿಳಿ ಪೆಟ್ಟಿಗೆ, ಅದರಲ್ಲಿ ನಾಲ್ಕು ದೀಪ. ಅವಳ ಕಡೆ ತಿರುಗಲಿಲ್ಲ. ಕಾವ್ಯ ಕಾಫಿಗೆಂದು ಒಳಗೆ ಹೋದಳು. ಕ್ಷಮಿಸಿ ಎನ್ನಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಈಗ ಕೆಲಸಕ್ಕೆ ಬರುವಂತಿರಲಿಲ್ಲ. ಅಂಥ ಮಾತನ್ನು ಅವರಿಬ್ಬರೂ ಯಾವತ್ತೂ ಆಡಿದವರಲ್ಲ. ಸಿದ್ದಗಂಗಮ್ಮ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ಅವರ ಎದುರಿಗೆ ಹಾಕಿಕೊಂಡಳು, ಪೆಟ್ಟಿಗೆ ತನ್ನ ಬೆನ್ನಿಗೆ ಬರುವಂತೆ, ಒಂದು ದೀಪವೂ ತನಗೆ ಕಾಣದಂತೆ. ಹಾಗೆ ಕೂತು, ಮಡಿಲಲ್ಲಿ ಕೈ ಕಟ್ಟಿಕೊಂಡು, ಫೋನಿನಲ್ಲಿ ಕೇಳುತ್ತಿದ್ದ ದನಿಯಲ್ಲೇ ಕೇಳಿದಳು.

“ಏನ್ ಕಾಣ್ತಿದೆ ಸಾರ್?”

ಅಡುಗೆಮನೆಯಲ್ಲಿ ಹಾಲು ಉಕ್ಕುವ ಸದ್ದು. ಹೊರಗೆ ಒಂದು ಆಟೋ ಹೋಯಿತು. ಹತ್ತು ಸೆಕೆಂಡು, ಇಪ್ಪತ್ತು, ಮೂವತ್ತು ಎಂದು ಅವಳ ಒಳಗೆ ಯಾವುದೋ ತಾನೇ ಎಣಿಸುತ್ತಿತ್ತು, ಅದು ನಲವತ್ತನ್ನು ಮುಟ್ಟಿತು, ದಾಟಿತು. ದಾಟಲಿ ಎಂದುಕೊಂಡಳು. ನಲವತ್ತಕ್ಕೆ ಸತ್ತನೆಂದು ಬರೆದುಕೊಳ್ಳುವುದು ಪೆಟ್ಟಿಗೆಗಳ ಕೆಲಸ, ತಾನು ಐದು ತಿಂಗಳು ತಡಮಾಡಿ ಬಂದವಳು, ಕಾಯಲು ಇಲ್ಲಿಯೇ ಕೂತಿದ್ದೇನೆ. ಆಮೇಲೆ ಅವರ ಕಣ್ಣು ಗೋಡೆಯಿಂದ ಇಳಿದು ಅವಳ ಮುಖದ ಮೇಲೆ ಬಂತು, ಮತ್ತೆ ಗೋಡೆಗೆ ಹೋಯಿತು, ಕೆಲಸದಲ್ಲಿರುವವರ ಕಣ್ಣಿನ ಹಾಗೆ. ತೊಡೆಯ ಮೇಲಿದ್ದ ಎಡಗೈ ನಿಧಾನವಾಗಿ ಎದ್ದಿತು. ಒಂದು ಬೆರಳು, ಅಲ್ಲಾಡದೆ. ಆಮೇಲೆ ಎರಡು ಬೆರಳು. ಆ ಎರಡು ಬೆರಳು ಮಡಿಸಿಕೊಂಡು ಮುಷ್ಟಿಯಾಯಿತು, ಮುಷ್ಟಿ ಬಿಚ್ಚಿತು, ಮತ್ತೆ ಮುಚ್ಚಿತು, ಬಿಚ್ಚಿತು, ಮುಚ್ಚಿತು.

ಕಾವ್ಯ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದಳು.

ಸಿದ್ದಗಂಗಮ್ಮ ಹಿಂದಿರುಗಿ ಪೆಟ್ಟಿಗೆಯನ್ನು ನೋಡಲಿಲ್ಲ. ಅವರು ಹೇಳಿದ ಮೇಲೆ ನೋಡುವ ಅಗತ್ಯ ಒಂಬತ್ತು ವರ್ಷದಲ್ಲಿ ಯಾವತ್ತೂ ಬಿದ್ದಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, “ಸರಿ ಸಾರ್,” ಎಂದಳು. “ಮೂರನೇದು?”